ಬಾಡಿಗೆ ಮನೆಯ ಬಿಳಿ ಟವೆಲ್ಲು

ಮನೆಗೆ ನೆಂಟರು ಬಂದರೆ ನಮ್ಮ ಮಲೆನಾಡಿನಲ್ಲಿ ಮೊದಲು ಕೊಡುವುದು ಕೈಕಾಲಿಗೆ ನೀರು, ಒರೆಸಿಕೊಳ್ಳಲು ಒಂದು ಟವೆಲ್ಲು. ಕಾಫಿ, ತಿಂಡಿ ಎಲ್ಲ ಆಮೇಲೆ. ಅದೂ ಒಗೆದು ಮಡಿಸಿಟ್ಟದ್ದನ್ನೇ ಹುಡುಕಿ ಕೊಡಬೇಕು. ಮನೆಯವರು ಒರೆಸಿಕೊಂಡದ್ದನ್ನು ಕೊಟ್ಟರೆ ನೆಂಟರು ಎದುರಿಗೆ ಏನೂ ಹೇಳುವುದಿಲ್ಲ, ಊರಿಗೆ ಹೋಗಿ ಹೇಳುತ್ತಾರೆ. ಮಂಗಳೂರಿನ ಕಡೆ ಇದನ್ನು ಬೈರಾಸು ಎನ್ನುತ್ತಾರೆ, ನಮ್ಮ ಮನೆಯಲ್ಲಿ ತೆಳ್ಳಗಿನ ಹತ್ತಿಯದಾದರೆ ಪಾಣಿಪಂಚೆ. ಹೆಸರು ಯಾವುದಾದರೂ ಆಗಲಿ, ಕೊಡುವ ಜವಾಬ್ದಾರಿ ಮನೆಯವರದು, ಒಗೆಯುವ ಜವಾಬ್ದಾರಿಯೂ ಅವರದೇ.

ಆದರೆ ಮನೆಯವರೇ ಇಲ್ಲದ ಮನೆಗೆ ನೆಂಟರಾಗಿ ಹೋದರೆ? ಬಾಡಿಗೆ ನಾವು ಕೊಟ್ಟಿದ್ದೇವೆ, ಅಡುಗೆ ನಾವೇ ಮಾಡಿಕೊಳ್ಳಬೇಕು, ಬೀಗದ ಕೈ ನಮ್ಮ ಕೈಯಲ್ಲೇ ಇದೆ. ಹಾಗಾದರೆ ನಾವು ನೆಂಟರೋ, ಮನೆಯವರೋ? ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಜಮಾ ಖರ್ಚು ಬರೆದವನಿಗೆ ಇಂಥ ಪ್ರಶ್ನೆ ಸಿಕ್ಕರೆ ಸುಲಭಕ್ಕೆ ಬಿಡುವುದಿಲ್ಲ. ಹೋದ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಕೆಸಿಕ್ ಎಂಬ ಊರಿನಲ್ಲಿ ಅಂಥ ಮನೆಯಲ್ಲಿ ಒಂದು ವಾರ ಇದ್ದೆವು.

ಮಕ್ಕಳೇ, ಈ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ‘ಡಬ್ಲ್ಯೂ’ ಬರುತ್ತದೆ. ಅದನ್ನು ಉಚ್ಚರಿಸಿದರೆ ಊರಿನವರು ಮುಗುಳ್ನಗುತ್ತಾರೆ. ವಾಯವ್ಯ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಎಂಬ ಕೆರೆಬೆಟ್ಟಗಳ ಸೀಮೆಯಲ್ಲಿ, ಡರ್ವೆಂಟ್ ವಾಟರ್ ಎಂಬ ಸರೋವರದ ದಡದಲ್ಲಿ ಈ ಊರಿದೆ. ನೀರಿನ ಆಚೆ ದಡದಲ್ಲಿ ಕ್ಯಾಟ್ ಬೆಲ್ಸ್ ಎಂಬ ಬೆಟ್ಟ, ಎತ್ತರ 451 ಮೀಟರ್. ನಮ್ಮ ಕುಂದಾದ್ರಿ ನೋಡಿದವರಿಗೆ ಅದು ದೊಡ್ಡದೇನಲ್ಲ, ಆದರೆ ಮರವೇ ಇಲ್ಲದ ಹುಲ್ಲು ಬೆಟ್ಟವಾದ್ದರಿಂದ ಅದರ ಬೆನ್ನೆಲುಬೆಲ್ಲ ಎದ್ದು ಕಾಣುತ್ತದೆ.

ಮಗನ ಸಂಸಾರ ಮ್ಯಾಂಚೆಸ್ಟರಿನಲ್ಲಿದೆ. ಅಲ್ಲಿಂದ ಕಾರಿನಲ್ಲಿ ಎರಡೂವರೆ ತಾಸಿನ ದಾರಿ. ಆರು ಜನರಿಗೆ ಹೋಟೆಲು ಎಂದರೆ ದುಬಾರಿ, ಮೇಲಾಗಿ ನನ್ನಾಕೆಗೆ ದಿನಕ್ಕೊಮ್ಮೆಯಾದರೂ ಅನ್ನ ಸಾರು ಬೇಕು. ಹೀಗಾಗಿ ‘ಸೆಲ್ಫ್ ಕೇಟರಿಂಗ್’ ಮನೆ. ಶನಿವಾರದಿಂದ ಶನಿವಾರಕ್ಕೆ ಬಾಡಿಗೆ. ಸಂಜೆ ನಾಲ್ಕಕ್ಕೆ ಒಳಗೆ ಹೋಗಬಹುದು, ಬಿಡುವ ದಿನ ಬೆಳಿಗ್ಗೆ ಹತ್ತಕ್ಕೆ ಖಾಲಿ ಮಾಡಬೇಕು.

ಸೊಸೆ ಇಂಥ ಮನೆ ಹುಡುಕುವಾಗ ಕಿಟಕಿಯಿಂದ ಏನು ಕಾಣುತ್ತದೆ ಎಂದು ಮೊದಲು ನೋಡುವುದಿಲ್ಲ, ಟವೆಲ್ಲಿನ ಸಾಲು ಎಲ್ಲಿದೆ ಎಂದು ನೋಡುತ್ತಾಳೆ. ಅದಕ್ಕೆ ಕಾರಣವಿದೆ. ಹಿಂದೊಮ್ಮೆ ವೇಲ್ಸಿನಲ್ಲಿ ಮನೆ ಹಿಡಿದಾಗ ಹಾಸಿಗೆ, ದಿಂಬು, ಹೊದಿಕೆ ಎಲ್ಲ ಇತ್ತು, ಟವೆಲ್ಲು ಒಂದೂ ಇರಲಿಲ್ಲವಂತೆ. ಮಳೆಯಲ್ಲಿ ನೆಂದು ರಾತ್ರಿ ತಲುಪಿದ ನಾಲ್ಕೂ ಜನ ಟೀ ಶರ್ಟಿನಲ್ಲಿ ತಲೆ ಒರೆಸಿಕೊಂಡರಂತೆ. ಅಲ್ಲಿ ಇದು ಮೋಸವೇನಲ್ಲ. ಕೆಲವು ಮನೆಯವರು ಟವೆಲ್ಲು ಕೊಡುತ್ತಾರೆ, ಕೆಲವರು ಹಣ ಪಡೆದು ಕೊಡುತ್ತಾರೆ, ಕೆಲವರು ನೀವೇ ತನ್ನಿ ಎನ್ನುತ್ತಾರೆ. ಬರೆದದ್ದನ್ನು ಓದದಿದ್ದರೆ ತಲೆ ಒದ್ದೆ.

ಕೆಸಿಕ್ಕಿನ ಮನೆಯಲ್ಲಿ ಟವೆಲ್ಲು ಇತ್ತು. ತಲೆಗೊಂದು ದೊಡ್ಡದು, ಒಂದು ಚಿಕ್ಕದು, ಎಲ್ಲ ಅಚ್ಚ ಬಿಳಿ. ಅಡುಗೆಮನೆ ಮೇಜಿನ ಮೇಲಿದ್ದ ಫೈಲಿನಲ್ಲಿ ಮನೆಯ ಸಾಮಾನುಗಳ ಪಟ್ಟಿ ಇತ್ತು. ನಾನು ಅಭ್ಯಾಸಬಲದಿಂದ ಪೆನ್ನು ಹಿಡಿದು ಟಿಕ್ ಹಾಕುತ್ತಾ ಹೋದೆ. ಚಮಚ ಎಂಟು, ಸರಿ. ಬಟ್ಟಲು ಎಂಟು, ಸರಿ. ‘ಟೀ ಟವೆಲ್ ನಾಲ್ಕು’ ಎಂದಿತ್ತು. ಟೀ ಕುಡಿದ ಮೇಲೆ ಬಾಯಿ ಒರೆಸಿಕೊಳ್ಳುವುದಕ್ಕೆ ಎಂದು ಮೊಮ್ಮಗ ಅಧಿಕಾರವಾಣಿಯಿಂದ ಹೇಳಿದ. ಅಲ್ಲ, ಅದು ಪಾತ್ರೆ ಒರೆಸುವ ಬಟ್ಟೆ. ಪಟ್ಟಿಯ ಕೆಳಗೆ ಇನ್ನೊಂದು ಮಾತಿತ್ತು: ಮನೆಯ ಟವೆಲ್ಲುಗಳನ್ನು ಸರೋವರಕ್ಕೆ ಒಯ್ಯಬೇಡಿ.

ನನ್ನಾಕೆ ಆ ದೊಡ್ಡ ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. “ಎಷ್ಟು ಜನ ಒರೆಸಿಕೊಂಡಿದ್ದಾರೋ ಏನೋ ರೀ” ಎಂದು ಹಾಗೆಯೇ ಮಡಿಸಿಟ್ಟು, ಸೂಟ್‌ಕೇಸಿನಿಂದ ನಮ್ಮ ಪಾಣಿಪಂಚೆಗಳನ್ನು ತೆಗೆದಳು. ಅಡುಗೆಮನೆಗೆ ಹೋದಾಗ ಎರಡನೆಯ ಆಘಾತ. ಬಟ್ಟೆ ಒಗೆಯುವ ಯಂತ್ರ ಒಲೆಯ ಪಕ್ಕದಲ್ಲೇ, ಕಟ್ಟೆಯ ಕೆಳಗೆ ಕೂತಿತ್ತು! ಆ ದೇಶದಲ್ಲಿ ಬಹಳಷ್ಟು ಮನೆಗಳಲ್ಲಿ ಹೀಗೆಯೇ. ಸ್ನಾನದ ಮನೆಯಲ್ಲಿ ನೀರಿನ ಹತ್ತಿರ ಪ್ಲಗ್ ಇರಬಾರದೆಂದು ಕಟ್ಟುನಿಟ್ಟಿನ ನಿಯಮವಿದೆ, ಶೇವರ್‌ಗೆ ಮಾತ್ರ ಒಂದು ಸಣ್ಣ ಪಾಯಿಂಟು ಇರುತ್ತದೆ. ಕರೆಂಟಿನ ನಿಯಮ ಮತ್ತು ಮಡಿಯ ನಿಯಮ ಎದುರುಬದುರಾದರೆ ಸೋಲುವುದು ಮಡಿಯೇ. ಅವಳು ಅನ್ನ ಮಾಡುವಾಗ ಯಂತ್ರ ಓಡಿಸಕೂಡದು ಎಂದು ಅಪ್ಪಣೆ ಮಾಡಿದಳು, ಅದಕ್ಕೆ ಎಲ್ಲರೂ ಒಪ್ಪಿದರು.

ಮಳೆಯ ವಿಷಯಕ್ಕೆ ಬರೋಣ. ಕೆಸಿಕ್ಕಿನಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗೆ ಸೀತ್‌ವೇಟ್ ಎಂಬ ಪುಟ್ಟ ಹಳ್ಳಿಯಿದೆ. ಇಂಗ್ಲೆಂಡಿನಲ್ಲಿ ಜನ ವಾಸವಿರುವ ಜಾಗಗಳ ಪೈಕಿ ಅತಿ ಹೆಚ್ಚು ಮಳೆ ಬೀಳುವುದು ಅಲ್ಲೇ, ವರ್ಷಕ್ಕೆ ಸುಮಾರು 3,500 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ಅದರ ಎರಡರಷ್ಟು ಬೀಳುತ್ತದೆ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಆದರೆ ಆಗುಂಬೆಯ ಮಳೆ ನಾಲ್ಕು ತಿಂಗಳು ಸುರಿದು ಆಮೇಲೆ ಬಿಸಿಲು ಕೊಡುತ್ತದೆ. ಇಲ್ಲಿಯದು ವರ್ಷವಿಡೀ ಜಿನುಗುವ ಮಳೆ. ಹೀಗಾಗಿ ಟವೆಲ್ಲು ಒಣಗಿಸುವುದೇ ಒಂದು ವಿದ್ಯೆ.

ಯಂತ್ರಕ್ಕೆ ಒಣಗಿಸುವ ಗುಂಡಿಯೂ ಇತ್ತು. ಆದರೆ ಒಗೆಯುವುದು, ಒಣಗಿಸುವುದು ಎರಡನ್ನೂ ಒಂದೇ ಹೊಟ್ಟೆಯಲ್ಲಿ ಮಾಡುವ ಯಂತ್ರ ಒಗೆದದ್ದನ್ನೆಲ್ಲ ಒಮ್ಮೆಗೇ ಒಣಗಿಸಲಾರದು. ತುಂಬ ಹಾಕಿ ಒಗೆದರೆ ಒಂದಿಷ್ಟನ್ನು ಹೊರತೆಗೆದು ಆಮೇಲೆ ಒಣಗಿಸಬೇಕು. ಗೊತ್ತಿಲ್ಲದವರು ಅಷ್ಟನ್ನೂ ಒಳಗೇ ಬಿಟ್ಟು, ನಾಲ್ಕು ತಾಸಾದ ಮೇಲೆ ಬಿಸಿಯಾದ ಒದ್ದೆ ಬಟ್ಟೆ ತೆಗೆಯುತ್ತಾರೆ. ರೇಡಿಯೇಟರ್ ಮೇಲೆ ಒದ್ದೆ ಬಟ್ಟೆ ಹರಡಬೇಡಿ, ಗೋಡೆಗೆ ಬೂಷ್ಟು ಹಿಡಿಯುತ್ತದೆ ಎಂದು ಫೈಲಿನಲ್ಲಿತ್ತು. ಕಲ್ಲಿನ ಹಳೆಯ ಮನೆ, ಅವರ ಮಾತೂ ನ್ಯಾಯವೇ.

ಆಗ ನನ್ನಾಕೆ ತಲೆಯೆತ್ತಿ ನೋಡಿ ನಕ್ಕಳು. ಅಡುಗೆಮನೆಯ ಮಾಡಿನಿಂದ ನಾಲ್ಕು ಮರದ ಗಳಗಳು ಹಗ್ಗ, ರಾಟೆಯ ಮೇಲೆ ತೂಗುತ್ತಿದ್ದವು. ಹಗ್ಗ ಬಿಟ್ಟರೆ ಕೆಳಗೆ ಬರುತ್ತವೆ, ಬಟ್ಟೆ ಹರಡಿ ಎಳೆದರೆ ಮೇಲಕ್ಕೆ ಹೋಗುತ್ತವೆ. ಒಲೆಯ ಕಾವು ಮೇಲೇರಿ ಬಟ್ಟೆ ಒಣಗುತ್ತದೆ. ಆ ಕಡೆಯ ಹಳೆಯ ಮನೆಗಳಲ್ಲಿ ಇದು ಮಾಮೂಲು. ನಮ್ಮ ಅಜ್ಜಿಯ ಕಾಲದಲ್ಲಿ ಮಡಿಬಟ್ಟೆಯನ್ನು ಯಾರ ಕೈಗೂ ತಾಗದಂತೆ ಕೋಲಿನಿಂದ ಎತ್ತಿ ಹರವುತ್ತಿದ್ದ ಬಿದಿರಿನ ಗಳ ನೆನಪಿದೆಯೇ? ನೆನಪಿಲ್ಲದವರು ಮನೆಯ ಹಿರಿಯರನ್ನು ಕೇಳಿ. ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಒಣಗಿದ ಪಂಚೆಗೆ ಹೊಗೆಯ ವಾಸನೆ ಇರುತ್ತಿತ್ತು. ಕೆಸಿಕ್ಕಿನಲ್ಲಿ ಒಣಗಿದ್ದಕ್ಕೆ ನಮ್ಮ ಸಾರಿನ ಒಗ್ಗರಣೆಯ ವಾಸನೆ ಬಂತು.

ಅಡುಗೆಮನೆಯಲ್ಲಿ ತಕ್ಕಡಿ ಇದ್ದುದರಿಂದ ನಾನು, ಮೊಮ್ಮಗ ಸೇರಿ ತೂಕ ಮಾಡಿದೆವು. ದೊಡ್ಡ ಟವೆಲ್ಲು ಒಣಗಿದ್ದಾಗ 550 ಗ್ರಾಂ. ನೀರಿಗೆ ಹಾಕಿ ಕೈಯಲ್ಲಿ ಹಿಂಡಿದ ಮೇಲೆ ಒಂದೂಕಾಲು ಕಿಲೋ. ನಮ್ಮ ಪಾಣಿಪಂಚೆ ಒಣಗಿದ್ದಾಗ 150, ಹಿಂಡಿದ ಮೇಲೆ 280. ದಪ್ಪ ಟವೆಲ್ಲಿನ ಎರಡೂ ಮುಖದಲ್ಲಿ ನೂಲಿನ ಸಣ್ಣ ಸಣ್ಣ ಕುಣಿಕೆಗಳಿರುತ್ತವೆ. ಅವು ನೀರನ್ನು ಚೆನ್ನಾಗಿ ಹೀರುತ್ತವೆ, ಅಷ್ಟೇ ಚೆನ್ನಾಗಿ ಹಿಡಿದುಕೊಳ್ಳುತ್ತವೆ. ರಾತ್ರಿ ಗಳಕ್ಕೇರಿದ ಪಾಣಿಪಂಚೆ ಬೆಳಿಗ್ಗೆ ಗರಿಗರಿಯಾಗಿತ್ತು, ಬಿಳಿ ಟವೆಲ್ಲು ಮರುದಿನ ಸಂಜೆಗೂ ತಣ್ಣಗಿತ್ತು. ಪ್ರವಾಸ ಹೊರಡುವ ಅಜ್ಜ ಅಜ್ಜಿಯರು ತಲೆಗೆ ಎರಡರಂತೆ ತೆಳುಪಂಚೆ ಇಟ್ಟುಕೊಳ್ಳುವುದು ಒಳ್ಳೆಯದು. ಮಕ್ಕಳು ನಗಲಿ, ಪರವಾಗಿಲ್ಲ.

ಬುಧವಾರ ಮೊಮ್ಮಗಳು ಸರೋವರದ ದಾರಿಯಲ್ಲಿ ಒದ್ದೆ ಕಲ್ಲಿನ ಮೇಲೆ ಜಾರಿ ಮೊಣಕಾಲು ತರಚಿಕೊಂಡಳು. ಸೊಸೆ ಪ್ಲಾಸ್ಟರ್ ಹುಡುಕುವಷ್ಟರಲ್ಲಿ ಅಜ್ಜಿಯ ಅರಿಶಿನ ಗಾಯದ ಮೇಲಿತ್ತು, ಅದರ ಮೇಲೆ ಸುತ್ತಿದ್ದು ಕೈಗೆ ಸಿಕ್ಕ ಬಿಳಿ ಚಿಕ್ಕ ಟವೆಲ್ಲು. ಹುಡುಗಿ ಐದು ನಿಮಿಷದಲ್ಲಿ ಕುಣಿಯತೊಡಗಿದಳು. ಟವೆಲ್ಲಿನ ಮೇಲೆ ಅಂಗೈಯಗಲದ ಹಳದಿ ಕಲೆ ಉಳಿಯಿತು.

“ಹೋಗಲಿ ಬಿಡಮ್ಮ, ಹತ್ತು ಪೌಂಡ್ ಕೊಟ್ಟರಾಯಿತು” ಎಂದ ಮಗ.

“ದುಡ್ಡಿನ ಮಾತಲ್ಲ ಕಣೋ. ಭಾರತದವರು ಬಂದಿದ್ದರು, ಟವೆಲ್ಲಿಗೆಲ್ಲ ಸಾರು ಬಳಿದು ಹೋದರು ಅಂತ ಆಡಿಕೊಳ್ಳಬಾರದು. ನಾಳೆ ಇನ್ನೊಬ್ಬ ನಮ್ಮವನು ಮನೆ ಕೇಳಿದರೆ ಯೋಚನೆ ಮಾಡುತ್ತಾರೆ.”

ಸೊಸೆ ಸಾಬೂನು ಹಾಕಿ ಉಜ್ಜಿದಳು. ಕಲೆ ಹಳದಿಯಿಂದ ಕೆಂಪಾಯಿತು! ಅವಳು ಗಾಬರಿಯಾಗಿ ಅತ್ತೆಯ ಮುಖ ನೋಡಿದಳು. ಗಾಬರಿಯಾಗುವಂಥದ್ದೇನಿಲ್ಲ ಮಕ್ಕಳೇ, ಆರತಿಗೆ ಅರಿಶಿನ, ಸುಣ್ಣ ಕಲಸಿ ಕೆಂಪು ನೀರು ಮಾಡುವುದಿಲ್ಲವೇ, ಇದೂ ಅದೇ. ಸುಣ್ಣದ ಹಾಗೆ ಸಾಬೂನೂ ಕ್ಷಾರ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಅರಿಶಿನದ ಬಣ್ಣಕ್ಕೆ ನಿಜವಾದ ವೈರಿ ಎಂದರೆ ಬಿಸಿಲು. “ನಾಲ್ಕು ತಾಸು ಬಿಸಿಲು ಸಿಕ್ಕರೆ ಸಾಕು, ನಾನು ತೆಗೀತೀನಿ” ಎಂದಳು ನನ್ನಾಕೆ. ಆದರೆ ಐದು ದಿನದಿಂದ ಆ ಊರಿನಲ್ಲಿ ಬಿಸಿಲೇ ಬಿದ್ದಿರಲಿಲ್ಲ.

ಗುರುವಾರ ಬಿಸಿಲು ಬಂತು. ಅದೇ ದಿನ ಎಲ್ಲರೂ ದೋಣಿಯಲ್ಲಿ ಸರೋವರ ದಾಟಿ ಕ್ಯಾಟ್ ಬೆಲ್ಸ್ ಹತ್ತುವುದೆಂದು ನಿಶ್ಚಯವಾಯಿತು. ದೋಣಿ ಹತ್ತಬೇಕೆಂದು ಊರಿನಿಂದಲೇ ಆಸೆಪಟ್ಟಿದ್ದವಳು ನನ್ನಾಕೆ. ಈಗ ಅವಳು ಬರುವುದಿಲ್ಲ ಎಂದಳು. ಮೊಮ್ಮಕ್ಕಳು ಎಷ್ಟು ಕರೆದರೂ ಕೇಳಲಿಲ್ಲ. ನಾನೂ ಉಳಿದೆ. ಹಿತ್ತಲಿನಲ್ಲಿ, ಬಟ್ಟೆ ಕಿತ್ತ ಕೊಡೆಯ ಕಡ್ಡಿಗಳನ್ನು ನೆಲಕ್ಕೆ ನೆಟ್ಟ ಹಾಗೆ ಒಂದು ಒಣಹಾಕುವ ಕಂಬವಿತ್ತು. ಅದಕ್ಕೆ ಟವೆಲ್ಲು ಕ್ಲಿಪ್ಪು ಹಾಕಿ, ಕೆಳಗೆ ಕುರ್ಚಿ ಹಾಕಿಕೊಂಡು ಕೂತಳು. ಹಪ್ಪಳ ಕಾಯುವವರ ಹಾಗೆ ಅರ್ಧ ತಾಸಿಗೊಮ್ಮೆ ಎದ್ದು ನೀರು ಚಿಮುಕಿಸಿ ಮಗ್ಗುಲು ಬದಲಿಸುವಳು. ಮೋಡ ಬಂದರೆ ಮೋಡದ ಕಡೆ ನೋಡುವಳು.

ನಾನು ಮನೆಯ ಕಪಾಟಿನಲ್ಲಿದ್ದ ಅಂಗೈಯಗಲದ ಮಕ್ಕಳ ಪುಸ್ತಕವೊಂದನ್ನು ಅವಳಿಗೆ ಕನ್ನಡದಲ್ಲಿ ಹೇಳುತ್ತಾ ಕೂತೆ. ‘ದಿ ಟೇಲ್ ಆಫ್ ಮಿಸೆಸ್ ಟಿಗಿ ವಿಂಕಲ್’, ಬಿಯಾಟ್ರಿಕ್ಸ್ ಪಾಟರ್ ಬರೆದು 1905ರಲ್ಲಿ ಪ್ರಕಟವಾದದ್ದು. ಕತೆ ನಡೆಯುವುದು ನಮ್ಮ ಕಣ್ಣೆದುರಿನ ಅದೇ ಕ್ಯಾಟ್ ಬೆಲ್ಸ್ ಬೆಟ್ಟದಲ್ಲಿ. ಲೂಸಿ ಎಂಬ ಪುಟ್ಟ ಹುಡುಗಿ ತನ್ನ ಮೂರು ಕರವಸ್ತ್ರ, ಒಂದು ಮೇಲಂಗಿ ಕಳೆದುಕೊಂಡು ಬೆಕ್ಕಿನ ಮರಿಯನ್ನು ಕೇಳುತ್ತಾಳೆ, ಕೋಳಿಯನ್ನು ಕೇಳುತ್ತಾಳೆ, ಹುಡುಕುತ್ತಾ ಬೆಟ್ಟ ಹತ್ತುತ್ತಾಳೆ. ಬೆಟ್ಟದ ಮಗ್ಗುಲಲ್ಲೊಂದು ಬಾಗಿಲು, ಒಳಗೆ ಅಡುಗೆಮನೆ, ಅಲ್ಲಿ ಗಿಡ್ಡನೆಯ ಅಗಸಗಿತ್ತಿಯೊಬ್ಬಳು ಇಸ್ತ್ರಿ ಮಾಡುತ್ತಿರುತ್ತಾಳೆ. ಕೋಳಿಯ ಕಾಲುಚೀಲ, ಕುರಿಮರಿಗಳ ಉಣ್ಣೆ ಕೋಟು, ಎಲ್ಲ ಪ್ರಾಣಿಗಳ ಬಟ್ಟೆಯೂ ಅವಳಲ್ಲಿಗೇ ಬರುವುದು. ಅವಳಾದರೋ ಹೆಡ್ಜ್‌ಹಾಗ್, ಮೈಮೇಲೆಲ್ಲ ಮುಳ್ಳಿರುವ, ನಮ್ಮ ಮುಳ್ಳುಹಂದಿಗಿಂತ ಬಹಳ ಚಿಕ್ಕ ಪ್ರಾಣಿ. ಬಟ್ಟೆಗಳನ್ನೆಲ್ಲ ಮನೆಮನೆಗೆ ಮುಟ್ಟಿಸಿದ ಮೇಲೆ ಲೂಸಿ ಧನ್ಯವಾದ ಹೇಳಲು ತಿರುಗಿದರೆ ಅವಳು ಆಗಲೇ ಓಡಿಹೋಗಿರುತ್ತಾಳೆ. ಒಗೆದ ಕೂಲಿಗೂ ಕಾಯಲಿಲ್ಲ.

“ಕೂಲಿ ಬಿಟ್ಟು ಹೋದಳೇ? ಇದು ಒಗೆಸಿಕೊಂಡವರು ಬರೆದ ಕತೆ” ಎಂದಳು ನನ್ನಾಕೆ.

ಅವಳ ಮಾತಿನಲ್ಲಿ ಸತ್ಯವಿತ್ತು. ಪಾಟರ್ ಅವರದು ಲಂಡನ್ನಿನ ಸ್ಥಿತಿವಂತ ಕುಟುಂಬ. ಬೇಸಿಗೆ ಬಂದರೆ ಅವರೂ ನಮ್ಮ ಹಾಗೆ ಮನೆ ಬಾಡಿಗೆಗೆ ಹಿಡಿಯುತ್ತಿದ್ದರು. ಇದೇ ಸರೋವರದ ಆಚೆ ದಡದ ಲಿಂಗ್‌ಹೋಮ್ ಎಂಬ ದೊಡ್ಡ ಮನೆಯಲ್ಲಿ ಹಲವು ಬೇಸಿಗೆ ಕಳೆದಿದ್ದಾರೆ. ಅದಕ್ಕೂ ಮೊದಲು ಸ್ಕಾಟ್ಲೆಂಡಿನ ಡಾಲ್‌ಗೈಸ್‌ನಲ್ಲಿ. ಅಲ್ಲಿ ಅವರ ಬಟ್ಟೆ ಒಗೆಯುತ್ತಿದ್ದವಳು ಕಿಟಿ ಮೆಕ್‌ಡೊನಾಲ್ಡ್ ಎಂಬ ಗಿಡ್ಡನೆಯ ಮುದುಕಿ. ಟಿಗಿ ವಿಂಕಲ್ ಅವಳನ್ನು ನೋಡಿ ಬರೆದದ್ದೇ. ಪ್ರವಾಸಿಗರ ಬಟ್ಟೆ ಒಗೆದವರ ಹೆಸರು ಉಳಿಯುವುದು ಅಪರೂಪ, ಇವಳದು ಮುಳ್ಳಿನ ವೇಷದಲ್ಲಾದರೂ ಉಳಿಯಿತು.

ಮೂರು ಗಂಟೆಗೆ ಮೋಡ ಕವಿಯುವ ಹೊತ್ತಿಗೆ ಕಲೆ ಬಹುಪಾಲು ಹೋಗಿತ್ತು. ಬೆಳಕಿಗೆ ಹಿಡಿದರೆ ನಿಂಬೆಹಣ್ಣಿನ ಸಿಪ್ಪೆಯಷ್ಟು ತೆಳು ಹಳದಿ. ಬೆಟ್ಟದಲ್ಲಿ ಬಾಗಿಲು ಹುಡುಕಿ ಬಂದ ಮೊಮ್ಮಕ್ಕಳು, ಒಂದು ಬಿಲ ಸಿಕ್ಕಿತು, ಆದರೆ ಬಾಗಿಲಿರಲಿಲ್ಲ ಎಂದು ವರದಿ ಮಾಡಿದರು.

ಶನಿವಾರ ಹೊರಡುವ ದಿನ ಇನ್ನೊಂದು ವಾದ. ಹಾಸಿಗೆ ಹಾಗೆಯೇ ಬಿಡಿ, ಬಳಸಿದ ಟವೆಲ್ಲುಗಳನ್ನು ಸ್ನಾನದ ತೊಟ್ಟಿಯಲ್ಲಿ ಹಾಕಿ ಎಂದು ಫೈಲಿನಲ್ಲಿತ್ತು. ಮೈಲಿಗೆ ಬಟ್ಟೆಯನ್ನು ಗುಡ್ಡೆ ಹಾಕಿ ಹೋಗುವುದೇ ಎಂದು ನನ್ನಾಕೆ ಬೆಳಿಗ್ಗೆ ಐದಕ್ಕೇ ಎದ್ದು ಎಲ್ಲವನ್ನೂ ಒಗೆಯಲು ಹೊರಟಳು. ಸೊಸೆ ತಡೆದಳು. “ಬೇಡ ಅತ್ತೆ. ಹತ್ತು ಗಂಟೆಗೆ ಒಣಗುವುದಿಲ್ಲ. ಒದ್ದೆಯದನ್ನು ಮಡಿಸಿಟ್ಟರೆ ಮುಗ್ಗಲು ಬರುತ್ತದೆ. ನಾವು ಒಗೆದರೂ ಅವರು ಮತ್ತೆ ಬಿಸಿನೀರಿನಲ್ಲಿ ಒಗೆಯಲೇಬೇಕು.” ಬಿಳಿ ಬಣ್ಣವನ್ನೇ ಇಡುವುದೂ ಅದಕ್ಕೇ, ಎಷ್ಟು ಬಿಸಿನೀರಿಗೆ ಹಾಕಿದರೂ ಬಣ್ಣ ಬಿಡುವ ಭಯವಿಲ್ಲ. ವಾದದಲ್ಲಿ ಸೊಸೆ ಗೆದ್ದಳು. ಅತ್ತೆ ತೊಟ್ಟಿಯಲ್ಲಿ ಹಾಕಿದಳು, ಆದರೆ ಒಂದೊಂದನ್ನೂ ಮಡಿಸಿ.

ಹತ್ತಕ್ಕೆ ಇನ್ನೂ ಐದು ನಿಮಿಷವಿರುವಾಗ ಶುಚಿಮಾಡುವ ಹೆಂಗಸು ಬಂದಳು. ವಯಸ್ಸು ಐವತ್ತರ ಮೇಲೆ, ಕಾರಿನ ತುಂಬ ಬಿಳಿ ಬಟ್ಟೆಯ ಚೀಲ. ಹತ್ತರಿಂದ ನಾಲ್ಕರೊಳಗೆ ಇಂಥ ಎರಡು ಮನೆ ಮುಗಿಸಬೇಕಂತೆ. ನನ್ನಾಕೆ ಆ ಚಿಕ್ಕ ಟವೆಲ್ಲನ್ನು ಬೇರೆಯಾಗಿಟ್ಟುಕೊಂಡಿದ್ದಳು. ಕಲೆ ಇದ್ದ ಜಾಗವನ್ನು ಬೆರಳಿನಿಂದ ತೋರಿಸಿ, ಮೊಮ್ಮಗಳ ಮೊಣಕಾಲನ್ನೂ ತೋರಿಸಿ, ಸೊಸೆಯ ಕೈಲಿ ವಿಷಯ ಹೇಳಿಸಿದಳು. ಆಕೆ ಟವೆಲ್ಲನ್ನು ಕಿಟಕಿಗೆ ಹಿಡಿದು ನೋಡಿದಳು. ಎಲ್ಲಿದೆ ಕಲೆ ಎಂದು ಕೇಳಿದಳು. ಕೆಸರು ಬೂಟು, ಒದ್ದೆ ನಾಯಿ, ತಲೆಗೆ ಹಚ್ಚುವ ಬಣ್ಣ, ಇವನ್ನೆಲ್ಲ ಒರೆಸಿ ಹೇಳದೆ ಹೋಗುವವರೇ ಹೆಚ್ಚು, ತೀರಾ ಹಾಳಾದದ್ದನ್ನು ಅನಾಥ ನಾಯಿ ಬೆಕ್ಕುಗಳನ್ನು ಸಾಕುವ ಕೇಂದ್ರಕ್ಕೆ ಕೊಟ್ಟುಬಿಡುತ್ತೇವೆ, ಇದಕ್ಕೆ ಅದರ ಅಗತ್ಯವಿಲ್ಲ ಎಂದಳು. ಬಿಸಿಲಿಗೆ ಹಾಕಿದ ಉಪಾಯವನ್ನು ಎರಡು ಸಲ ಕೇಳಿ ತಿಳಿದುಕೊಂಡಳು.

ನನ್ನಾಕೆ ಡಬ್ಬಿಯಲ್ಲಿ ಉಳಿದಿದ್ದ ಕೋಡುಬಳೆಯನ್ನು ಕೊಟ್ಟಳು, ಜೊತೆಗೊಂದು ಐದು ಪೌಂಡಿನ ನೋಟು. ಆಕೆ ನೋಟು ಬೇಡವೆಂದಳು. ಇವಳು ಬಿಡಲಿಲ್ಲ, “ಕೂಲಿ ಬಿಟ್ಟು ಓಡಬಾರದು ಅಂತ ಹೇಳಮ್ಮ” ಎಂದು ಸೊಸೆಗೆ ಹೇಳಿದಳು. ಸೊಸೆ ಅದನ್ನು ಹೇಗೆ ಇಂಗ್ಲಿಷಿಗೆ ತಂದಳೋ, ಇಬ್ಬರೂ ನಕ್ಕರು.

ಕಾರು ಹೊರಡುವಾಗ ಒಳಗೆ ಯಂತ್ರ ತಿರುಗುವ ಸದ್ದು ಆಗಲೇ ಕೇಳುತ್ತಿತ್ತು. ನಮ್ಮ ಪಾಣಿಪಂಚೆಗಳು ಮಾತ್ರ ಬೆಳಗಿನ ಸ್ನಾನದಿಂದ ಇನ್ನೂ ಒದ್ದೆಯಾಗಿದ್ದವು. ಅವನ್ನು ಕಾರಿನ ಹಿಂದಿನ ಗಾಜಿನ ಹತ್ತಿರ ಹರಡಿದೆವು, ಮ್ಯಾಂಚೆಸ್ಟರ್ ಬರುವಷ್ಟರಲ್ಲಿ ಒಣಗಿದ್ದವು.