ಖರೇ ನಕ್ಷೆ ಯಾವುದು?

ಜಹೀರಾಬಾದ್, 9 ಜುಲೈ 2024

ಬೆಳಿಗ್ಗೆಯೇ ನಾರಾಯಣಖೇಡದ ಮನೆ ಕೆಲಸದ ಗೌಂಡಿಯ ಫೋನು. "ಸಾರ್, ನನ್ನ ಬಲ್ಲಿ ಎರಡು ನಕ್ಷಾ ಅವ. ಒಂದ್ರಾಗ ಅಡಗಿಮನಿ ಕಿಡಕಿ ನಾಕ್ ಫೂಟ್ ಅದ, ಇನ್ನೊಂದ್ರಾಗ ಐದು. ಖರೇ ಯಾವುದು ಹೇಳ್ರಿ." ಶೀಟಿನ ಮೂಲೆಯಲ್ಲಿ ರಿವಿಜನ್ ನಂಬರು ಆರ್-1 ಅಂತಿದೆಯೋ ಆರ್-2 ಅಂತಿದೆಯೋ ನೋಡು ಎಂದೆ. ಮೂಲೆಯೇ ಇಲ್ಲವಂತೆ. ಯಾರೋ ಅಡುಗೆಮನೆಯಷ್ಟನ್ನೇ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದಾರೆ, ಅವನು ಅದನ್ನೇ ಪ್ರಿಂಟ್ ಹಾಕಿಸಿಕೊಂಡಿದ್ದಾನೆ.

ಗೋಡೆ ಎಬ್ಬಿಸುವ ಮೊದಲು ಕೇಳಿದನಲ್ಲ, ಅವನಿಗೆ ದೊಡ್ಡ ನಮಸ್ಕಾರ.

ಕಟ್ಟಡದ ನಕ್ಷೆ ಹೇಗಿರಬೇಕು ಎಂಬುದಕ್ಕೆ ಐಎಸ್ 962 ಇದೆ. ಅದನ್ನು 1989ರಲ್ಲಿ ಪರಿಷ್ಕರಿಸಿದಾಗ ನಕ್ಷೆ ಇಡೀ ಕಾಗದವಾಗಿಯೇ ಕೈಯಿಂದ ಕೈಗೆ ಹೋಗುತ್ತಿತ್ತು. ಈಗ ಚೂರುಚೂರಾಗಿ ಫೋನಿನಲ್ಲಿ ಹೋಗುತ್ತದೆ. ಶೀಟ್ ನಂಬರು, ರಿವಿಜನ್ ನಂಬರು ಬಲಗಡೆಯ ಕೆಳಮೂಲೆಯ ಟೈಟಲ್ ಬ್ಲಾಕಿನಲ್ಲಿದ್ದರೆ ಸಾಲದು. ಪ್ರತಿ ಪ್ಲ್ಯಾನಿನ ಹೆಸರಿನ ಕೆಳಗೂ, ಬದಲಾದ ಜಾಗದ ಸುತ್ತ ಮೋಡದ ಆಕಾರದಲ್ಲಿ ಎಳೆಯುವ ಗೆರೆ, ಅಂದರೆ ಪ್ರತಿ ಕ್ಲೌಡಿನ ಪಕ್ಕದಲ್ಲೂ ಬರೆಯಬೇಕು.

ನಾರಾಯಣಖೇಡ, 10 ಜುಲೈ

ಎರಡೂ ಪ್ರತಿ ನೋಡಿದೆ. ಹೊಸದರಲ್ಲಿ ಕಿಟಕಿಯ ಸುತ್ತ ಕೆಂಪು ಕ್ಲೌಡ್ ಇತ್ತು, ಕಪ್ಪುಬಿಳುಪು ಝೆರಾಕ್ಸಿನಲ್ಲಿ ಅದು ಮಾಸಿ, ಗಿಲಾವಿನ ಗೆರೆಯೋ ಏನೋ ಎಂಬಂತೆ ಕಾಣುತ್ತಿತ್ತು. ಇಲ್ಲಿ ಬಜಾರಿನಲ್ಲಿ ಬಣ್ಣದ ಪ್ರತಿ ಯಾರು ತೆಗೆಸುತ್ತಾರೆ? ಬಣ್ಣದ ಮೇಲೆ ಭರವಸೆ ಇಡಬಾರದು. ಕ್ಲೌಡಿನ ಗೆರೆ ಗೋಡೆಯ ಗೆರೆಗಿಂತ ದಪ್ಪ ಇರಲಿ, ಪಕ್ಕದಲ್ಲಿ ತ್ರಿಕೋನ, ಅದರೊಳಗೆ ರಿವಿಜನ್ನಿನ ಅಂಕಿ.

ಇನ್ನೊಂದು ತೊಂದರೆ: ಹಿಂದಿನ ರಿವಿಜನ್ನಿನ ಕ್ಲೌಡೂ ಹಾಗೇ ಉಳಿದಿತ್ತು. ಯಾವುದು ಹೊಸ ಬದಲಾವಣೆ ಎಂದು ಗೌಂಡಿಗೆ ಹೇಗೆ ತಿಳಿಯಬೇಕು? ಕ್ಲೌಡ್ ಈ ಸಲ ಬದಲಾದದ್ದಕ್ಕೆ ಮಾತ್ರ. ಹಳೆಯ ಕ್ಲೌಡ್ ಅಳಿಸಬೇಕು, ಹಳೆಯ ತ್ರಿಕೋನ ಉಳಿಸಬೇಕು. ಹಾಗಿದ್ದರೆ ಆ ಗೋಡೆಯ ಚರಿತ್ರೆ ಶೀಟಿನಲ್ಲೇ ಸಿಗುತ್ತದೆ. ಇನ್ನೂ ತೀರ್ಮಾನವಾಗದ ಜಾಗಕ್ಕೆ ಕ್ಲೌಡ್ ಬೇಡವೇ ಬೇಡ, ಅಡ್ಡಗೆರೆ ಎಳೆದು "ಹೋಲ್ಡ್" ಎಂದು ಬರೆದುಬಿಡಬೇಕು.

ರಿವಿಜನ್ ಪಟ್ಟಿಯಲ್ಲಿ ಬರೀ "ಪರಿಷ್ಕರಿಸಲಾಗಿದೆ" ಅಂತಿತ್ತು. ಅದರಿಂದ ಯಾರಿಗೆ ಏನು ತಿಳಿಯಿತು? "ಅಡುಗೆಮನೆ ಪೂರ್ವದ ಕಿಟಕಿ 4 ಅಡಿ ಇದ್ದದ್ದು 5 ಅಡಿ, ಲಿಂಟಲ್ ಉದ್ದವೂ ಬದಲು, ಮನೆಯವರು ಕೇಳಿದ್ದು" ಎಂದು ಕೈಯಲ್ಲೇ ಬರೆದೆ. ಈ ಊರಲ್ಲಿ ಒಬ್ಬ ತೆಲುಗು ಓದುತ್ತಾನೆ, ಒಬ್ಬ ಕನ್ನಡ, ಮತ್ತೊಬ್ಬ ಉರ್ದು, ಇನ್ನೊಬ್ಬ ಮರಾಠಿ. ಅಂಕಿ ಎಲ್ಲರಿಗೂ ಬರುತ್ತದೆ. ಹಳೆಯ ಅಳತೆ, ಹೊಸ ಅಳತೆ ಎರಡನ್ನೂ ಅಂಕಿಯಲ್ಲಿ ಬರೆದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ತಾಂಡೂರು, 16 ಜುಲೈ

ಮಳೆ. ಕಲ್ಲಿನ ಪಾಲಿಶ್ ಮಶೀನುಗಳ ಸದ್ದು ರಸ್ತೆಗೂ ಕೇಳುತ್ತದೆ.

ಇಲ್ಲಿನ ಎರಡಂತಸ್ತಿನ ಕಟ್ಟಡಕ್ಕೆ ಟೈಲ್ಸ್ ಬಿಟ್ಟು ಊರಿನದೇ ನೀಲಿ ಕಲ್ಲು ಹಾಕಲು ತೀರ್ಮಾನವಾಗಿದೆ. ಒಳ್ಳೆಯ ತೀರ್ಮಾನ. ಆದರೆ ನಕ್ಷೆ ಮಾಡಿದ ಕಚೇರಿಯವರು ಕೆಳ ಅಂತಸ್ತಿನ ಪ್ಲ್ಯಾನಿನಲ್ಲಿ ಮಾತ್ರ ಕಲ್ಲೆಂದು ಬರೆದು, ಕ್ಲೌಡ್ ಹಾಕಿ, ಆರ್-2 ಎಂದು ಕಳಿಸಿದ್ದಾರೆ. ಸೆಕ್ಷನ್ ಶೀಟ್ ಇನ್ನೂ ಆರ್-1. ಅದರಲ್ಲಿ ಟೈಲ್ಸ್, ಗಾರೆ ಸೇರಿ 50 ಮಿ.ಮೀ. ಹಿಡಿದಿದ್ದಾರೆ. ಕಲ್ಲು, ಅದರ ಕೆಳಗಿನ ಹಾಸು ಸೇರಿದರೆ 75 ಆಗುತ್ತದೆ. ನೆಲ 25 ಮಿ.ಮೀ. ಮೇಲೆ ಬಂದರೆ 150 ಇರಬೇಕಾದ ಮೊದಲ ಮೆಟ್ಟಿಲು 125ಕ್ಕೆ ಇಳಿಯುತ್ತದೆ. ಮೆಟ್ಟಿಲ ಮೇಲೆ ಕಾಲು ಎತ್ತರವನ್ನು ತಾನೇ ಅಂದಾಜು ಮಾಡಿಕೊಂಡು ನಡೆಯುತ್ತದೆ; ಒಂದು ಮೆಟ್ಟಿಲು ಬೇರೆಯಾದರೆ ವಯಸ್ಸಾದವರು ಅಲ್ಲೇ ಎಡವುತ್ತಾರೆ. ಬಾಗಿಲ ಕೆಳಗೂ ಅಷ್ಟೇ ಜಾಗ ಕಡಿಮೆಯಾಗುತ್ತದೆ.

ಮೆಟ್ಟಿಲ ಸೆಂಟ್ರಿಂಗ್ ಇನ್ನೂ ಕಟ್ಟಿರಲಿಲ್ಲ. ಮೇಸ್ತ್ರಿಗೆ ಕೆಲಸ ನಿಲ್ಲಿಸಲು ಹೇಳಿ ಬಂದೆ.

ಒಂದು ಶೀಟಿಗೆ ಕ್ಲೌಡ್ ಹಾಕುವಾಗ ಕೇಳಿಕೊಳ್ಳಬೇಕಾದದ್ದು ಇದೇ: ಇದು ಇನ್ನೆಲ್ಲಿ ಮುಟ್ಟುತ್ತದೆ? ಸೆಕ್ಷನ್, ಎಲಿವೇಶನ್, ಬಾಗಿಲು-ಕಿಟಕಿ ಪಟ್ಟಿ, ಕರೆಂಟಿನ ಶೀಟ್, ಆರ್‌ಸಿಸಿ ಶೀಟ್. ಬದಲಾದ ಶೀಟುಗಳೆಲ್ಲ ಒಂದೇ ದಿನ ಹೊರಡಬೇಕು.

ಜಹೀರಾಬಾದ್, 17 ಜುಲೈ

ಇವತ್ತಿನ ತಾರೀಕು ನಮ್ಮ ಕಸುಬಿನವರು ಮರೆಯಬಾರದ್ದು. 1981ರ ಜುಲೈ 17ರಂದು ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗು ನಡೆದಾರಿಗಳು ಕುಸಿದು 114 ಜನ ಸತ್ತರು. ಮೊದಲ ವಿನ್ಯಾಸದಲ್ಲಿ ಛಾವಣಿಯಿಂದ ಇಳಿದ ಒಂದೇ ಉಕ್ಕಿನ ಸರಳು ನಾಲ್ಕನೇ ಮಹಡಿಯ ನಡೆದಾರಿ ದಾಟಿ ಎರಡನೆಯದನ್ನೂ ಹಿಡಿಯುತ್ತಿತ್ತು. ಜೋಡಣೆ ಸುಲಭವಾಗಲೆಂದು ಅದನ್ನು ಎರಡು ತುಂಡು ಮಾಡಿ, ಕೆಳಗಿನ ನಡೆದಾರಿಯನ್ನು ಮೇಲಿನದಕ್ಕೇ ತೂಗುಹಾಕಿದರು. ಮೇಲಿನ ಸಂದಿಯ ಮೇಲೆ ಭಾರ ಇಮ್ಮಡಿಯಾಯಿತು. ಬದಲಾದ ನಕ್ಷೆಗೆ ಎಂಜಿನಿಯರರ ಮುದ್ರೆ ಬಿತ್ತು, ಆ ಸಂದಿಯ ಲೆಕ್ಕ ಮಾತ್ರ ಯಾರೂ ಮಾಡಲಿಲ್ಲ.

ಆದ್ದರಿಂದ ರಿವಿಜನ್ ಪಟ್ಟಿಯಲ್ಲಿ ಬರೆದವರ ಸಹಿಯ ಪಕ್ಕ ಪರಿಶೀಲಿಸಿದವರ ಸಹಿಗೂ ಮನೆ ಬೇಕು. ಆ ಮನೆ ಖಾಲಿ ಇರುವ ಶೀಟ್ ನಮ್ಮ ಕಚೇರಿಯಿಂದ ಹೊರಗೆ ಹೋಗಕೂಡದು. ಕೆಲಸ ಕಲಿಯುವ ಹುಡುಗರಿಗೆ ಇವತ್ತು ಈ ಕಥೆ ಪೂರ್ತಿ ಹೇಳಿದೆ.

ತಾಂಡೂರು, 22 ಜುಲೈ

ನಕ್ಷೆ ಮಾಡಿದ ಕಚೇರಿಯವರು ಸೆಕ್ಷನ್, ಮೆಟ್ಟಿಲು, ಬಾಗಿಲು ಪಟ್ಟಿ ಮೂರನ್ನೂ ತಿದ್ದಿ ಕಳಿಸಿದ್ದಾರೆ. ಲೆಕ್ಕ ಸರಿ ಇದೆ. ಮೇಸ್ತ್ರಿಯಿಂದ ಹಳೆಯ ಪ್ರತಿಗಳನ್ನು ವಾಪಸ್ ಪಡೆದು, ಅಡ್ಡಲಾಗಿ "ರದ್ದು" ಎಂದು ಬರೆದು, ಒಂದೊಂದನ್ನು ದಾಖಲೆಗೆ ಇಟ್ಟುಕೊಂಡೆ. ಹೊಸದನ್ನು ಕೊಟ್ಟು ರಿಜಿಸ್ಟರಿನಲ್ಲಿ ತಾರೀಕಿನೊಂದಿಗೆ ಅವನ ಸಹಿ ಹಾಕಿಸಿಕೊಂಡೆ. ಮೆಟ್ಟಿಲ ಸೆಂಟ್ರಿಂಗ್ ನಾಳೆ ಶುರು.