ಬೈಲಹೊಂಗಲ ಸೀಮೆಯ ಮೆಥಡಿಸ್ಟ್ ಚರ್ಚು

ಬೈಲಹೊಂಗಲ ಸೀಮೆಯ ಮೆಥಡಿಸ್ಟ್ ಚರ್ಚಿನ ಬೇರು ಬೆಳಗಾವಿಯಲ್ಲಿದೆ. ಪೇಶ್ವೆಯವರ ಆಳ್ವಿಕೆ ಮುಗಿದ ಎರಡೇ ವರ್ಷಕ್ಕೆ, 1820ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬಂದು ಅಲ್ಲಿ ನೆಲೆಸಿದರು. 1904ರಲ್ಲಿ ಸೊಸೈಟಿ ತನ್ನ ಬೆಳಗಾವಿ ಕೇಂದ್ರವನ್ನು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಗೆ ಒಪ್ಪಿಸಿತು. ಈ ಸೀಮೆಯ ಕ್ರೈಸ್ತರು ಮೆಥಡಿಸ್ಟರಾದದ್ದು ಈ ಹಸ್ತಾಂತರದಿಂದ.

ಪಕ್ಕದ ಧಾರವಾಡ, ಹುಬ್ಬಳ್ಳಿಗಳಲ್ಲಿ ಬಾಸೆಲ್ ಮಿಷನ್ ಇತ್ತು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿದಾಗ ಬ್ರಿಟಿಷ್ ಮೂಲದ ಮೆಥಡಿಸ್ಟರು ಅದರಲ್ಲಿ ಸೇರಿದರು. ಬಾಸೆಲ್ ಮಿಷನ್ನಿನ ಸಭೆಗಳೂ ಮುಂದೆ ಅದನ್ನೇ ಸೇರಿದವು. ಅಮೆರಿಕನ್ ಮೂಲದವರು ಸೇರಲಿಲ್ಲ. ಹೀಗೆ ಒಂದೇ ಕನ್ನಡ, ಒಂದೇ ರೊಟ್ಟಿ-ಪಲ್ಯದ ನೆರೆಹೊರೆಯವರು ಎರಡು ಸಭೆಗಳವರಾದರು. ಊರಿನವರ ಜಗಳವಲ್ಲ, ದೂರದ ಕಚೇರಿಗಳ ತೀರ್ಮಾನ ಎಳೆದ ಗೆರೆ ಇದು. ಸ್ಥಳೀಯ ಚರಿತ್ರೆಯಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಗಮನ ಸಲ್ಲಬೇಕು. ಅಮೆರಿಕನ್ ಮೂಲದ ಸಭೆ 1981ರಲ್ಲಿ ಭಾರತದ ಮೆಥಡಿಸ್ಟ್ ಸಭೆಯಾಗಿ ಸ್ವಾಯತ್ತವಾಯಿತು.

ಮೆಥಡಿಸ್ಟ್ ಪದ್ಧತಿಯಲ್ಲಿ ಪಾಸ್ಟರನ್ನು ಊರವರು ಆರಿಸುವುದಿಲ್ಲ. ವಾರ್ಷಿಕ ಕಾನ್ಫರೆನ್ಸಿನಲ್ಲಿ ಬಿಷಪ್ ನೇಮಿಸುತ್ತಾರೆ, ವರ್ಗಾಯಿಸುತ್ತಾರೆ. ಸಣ್ಣ ಹಳ್ಳಿಗಳನ್ನು ಒಂದು ಸರ್ಕೀಟಿಗೆ ಸೇರಿಸಿ ಒಬ್ಬ ಪಾಸ್ಟರಿಗೆ ವಹಿಸುವುದು ಹಳೆಯ ರೂಢಿ. ಅವರು ಬೇರೆ ಊರಲ್ಲಿರುವ ಭಾನುವಾರ ಪ್ರಾರ್ಥನೆ, ಹಾಡು, ಉಪದೇಶ ಊರಿನ ಹಿರಿಯರ ಪಾಲು.