ಎಂಜಿನಿನ ಸದ್ದು

ಹಳೆಯ ವಾಹನವನ್ನು ಸಾಕುವವನಿಗೆ ಕಿವಿ ಚುರುಕಾಗಿರಬೇಕು. ನಮ್ಮ ತಂದೆಯವರು ಉಸಿರಾಟವನ್ನು ಕೇಳಿಯೇ ಎತ್ತಿನ ದಣಿವನ್ನು ಅರಿಯುತ್ತಿದ್ದರು. ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ನೆಲಸಿದ ನನಗೆ ಎತ್ತಿನ ಬದಲು ಒಂದು ಕಾರು ಗಂಟುಬಿದ್ದಿತು. ಅದು ೧೯೬೭ರ ಎಂ.ಜಿ.ಬಿ.; ಇಬ್ಬರಿಗಷ್ಟೇ ಸ್ಥಳವಿರುವ, ಮೇಲ್ಹೊದಿಕೆಯನ್ನು ಮಡಿಸಿಡಬಹುದಾದ ಹಸಿರು ಬಣ್ಣದ ಸ್ಪೋರ್ಟ್ಸ್ ಕಾರು. ಆಬಿಂಗ್‌ಡನ್ ಎಂಬ ಸಣ್ಣ ಊರಿನ ಕಾರ್ಖಾನೆಯಲ್ಲಿ ೧೯೬೨ರಿಂದ ೧೯೮೦ರವರೆಗೆ ಇಂಥ ಕಾರುಗಳು ಐದು ಲಕ್ಷಕ್ಕೂ ಮಿಗಿಲಾಗಿ ತಯಾರಾದವು. ಅದರ ಸದ್ದು ನನಗೆ ಸಂಗೀತ, ನನ್ನ ಹೆಂಡತಿಗೆ ಗದ್ದಲ. ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ಇನ್ನೂ ರಾಜಿಯಾಗಿಲ್ಲ.

ನಮ್ಮ ನೆರೆಮನೆಯ ಹಿರಿಯರು ಅದೇ ಕಾರ್ಖಾನೆಯಲ್ಲಿ, ಅದು ಮುಚ್ಚುವವರೆಗೂ ದುಡಿದವರು. ವಯಸ್ಸು ೮೮, ಕಿವಿ ಬಹಳ ಮಂದ. ನನ್ನ ಕಾರಿನಲ್ಲಿ ಕುಳಿತು ಒಮ್ಮೆ ಆ ಊರಿಗೆ ಹೋಗಿಬರಬೇಕೆಂಬುದು ಅವರ ಆಸೆ. ಜೂನ್ ತಿಂಗಳ ಒಂದು ಶನಿವಾರ ಕರೆದೊಯ್ಯುವುದಾಗಿ ಮಾತು ಕೊಟ್ಟೆ. ದಾರಿ ಸುಮಾರು ೪೦ ಕಿಲೋಮೀಟರು.

ಶುಕ್ರವಾರ ಸಂಜೆ ಕಾರನ್ನು ಓಡಿಸಿ ನೋಡುವಾಗ ಎಂಜಿನಿನಿಂದ ಹೊಸದೊಂದು ಬಡಿತ ಕೇಳಿಸಿತು. ಎಂಜಿನಿನ ಸದ್ದುಗಳೆಲ್ಲ ಒಂದೇ ಅಲ್ಲ. ಮೇಲ್ಭಾಗದಿಂದ ಗಡಿಯಾರದಂತೆ ಹಗುರವಾಗಿ ಟಿಕಟಿಕ ಎನ್ನುವುದು ಟ್ಯಾಪೆಟ್. ಅದನ್ನು ಸರಿಪಡಿಸುವುದು ಅರ್ಧ ದಿನದ ಕೆಲಸ, ಅದುವರೆಗೆ ಕಾರು ಓಡೀತು. ಕೆಳಗಿನಿಂದ, ಮುಚ್ಚಿದ ಬಾಗಿಲನ್ನು ಯಾರೋ ಗುದ್ದಿದಂತೆ ಬರುವ ಸದ್ದು ಬೇರೆ. ಅಲ್ಲಿ ಕನೆಕ್ಟಿಂಗ್ ರಾಡು ಕ್ರ್ಯಾಂಕ್ ಶಾಫ್ಟನ್ನು ಹಿಡಿದಿರುತ್ತದೆ. ಎರಡರ ನಡುವೆ ಮೆದು ಲೋಹ ಬಳಿದ ಬೇರಿಂಗು, ಕೂದಲೆಳೆಯಷ್ಟು ಸಂದು, ಅದರಲ್ಲಿ ಎಣ್ಣೆ. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಪಿಸ್ಟನ್ನು ಸೆಕೆಂಡಿಗೆ ನೂರು ಸಲ ನಿಂತು ಹಿಂದಿರುಗುತ್ತದೆ. ಬೇರಿಂಗು ಸವೆದರೆ ಆ ಹೊಡೆತವೆಲ್ಲ ಲೋಹದ ಮೇಲೆ ಲೋಹದ ಪೆಟ್ಟು. ರಾಡು ಮುರಿದರೆ ಎಂಜಿನಿನ ಗೋಡೆಯನ್ನೇ ಒಡೆದು ಹೊರಬರಬಹುದು.

ನಾನು ಕೇಳಿದ್ದು ಯಾವ ಸದ್ದು? ಕೆಳಗಿನದೆಂದು ಕಿವಿ ಹೇಳಿತು, ಮೇಲಿನದೆಂದು ಮನಸ್ಸು ವಾದಿಸಿತು. ಮನಸ್ಸು ಅಂದು ಬಲು ಒಳ್ಳೆಯ ವಕೀಲನಾಗಿತ್ತು.

ಬೆಳಿಗ್ಗೆ ಕಾರನ್ನು ಚಾಲೂ ಮಾಡಿದರೆ ಬಡಿತ ಅಡಗಿತ್ತು. ತಣ್ಣಗಿರುವ ಎಣ್ಣೆ ಮಂದವಾಗಿದ್ದು ಸಂದನ್ನು ತುಂಬುತ್ತದೆ ಎಂಬುದು ನನಗೆ ತಿಳಿಯದ ಸಂಗತಿಯಲ್ಲ. ಆದರೆ ಹಿರಿಯರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಬೂಟಿಗೆ ಹೊಳಪು ಕೊಟ್ಟು ಗೇಟಿನ ಬಳಿ ನಿಂತಿದ್ದರು. ಹೊರಟೆವು.

ಊರಿನ ಅಂಚು ತಲಪುವ ವೇಳೆಗೆ ಎಂಜಿನು ಬಿಸಿಯಾಯಿತು. ಬಡಿತ ಮರಳಿ ಬಂದಿತು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಎಂದಿನ ಜಾಗಕ್ಕಿಂತ ಕೆಳಗಿಳಿದಿತ್ತು. ಪಕ್ಕಕ್ಕೆ ತಿರುಗಿ ನೋಡಿದೆ. ಅವರು ಗಾಳಿಗೆ ಮುಖವೊಡ್ಡಿ ಮಗುವಿನಂತೆ ನಗುತ್ತಿದ್ದರು. ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಕೇಳಿಸಿದ್ದರೆ ಇಬ್ಬರೂ ಕೂಡಿ ತೀರ್ಮಾನಿಸಬಹುದಿತ್ತು. ಈಗ ಅವರ ಜೀವದ ಪರವಾಗಿ ಕೇಳಿಸಿಕೊಳ್ಳುತ್ತಿದ್ದವನು ನಾನೊಬ್ಬನೇ. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಅವರ ಕಿವಿಯ ಬಳಿ ಕೂಗಿ, ಹಿಂದಿನ ಸಂಜೆಯ ಸಂಗತಿಯನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ.

ಅವರು ಕೋಪಿಸಿಕೊಳ್ಳಲಿಲ್ಲ. ಉದ್ದನೆಯ ಸ್ಕ್ರೂಡ್ರೈವರನ್ನು ಕೇಳಿ ಪಡೆದರು. ಎಂಜಿನನ್ನು ನಿಧಾನವಾಗಿ ಓಡುವಂತೆ ಬಿಟ್ಟು, ಅದರ ಕೆಳಮೈಗೆ ಸ್ಕ್ರೂಡ್ರೈವರಿನ ತುದಿಯನ್ನು ತಾಗಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಅವರ ಸನ್ನೆಯಂತೆ ನಾನು ರಬ್ಬರ್ ಹಿಡಿಯ ಇಕ್ಕಳದಿಂದ ಸ್ಪಾರ್ಕ್ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸುತ್ತ ಹೋದೆ. ಮೂರನೆಯದನ್ನು ಕಿತ್ತಾಗ ಆ ಸಿಲಿಂಡರಿನ ಹೊರೆ ಇಳಿದು ಬಡಿತ ಮೃದುವಾಯಿತು. ಅವರು ಕೈಯೆತ್ತಿದರು.

"ಕೆಳಗಿನದೇ. ಇನ್ನು ಒಂದು ಮೈಲಿಯೂ ಓಡಿಸಬೇಡಿ" ಎಂದರು.

ಕಾರು ಲಾರಿಯ ಮೇಲೇರಿ ಮನೆಗೆ ಹೋಯಿತು. ನಾವು ರೈಲಿನಲ್ಲಿ ಡಿಡ್‌ಕಾಟಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಆಬಿಂಗ್‌ಡನ್ ಸೇರುವಾಗ ಮಧ್ಯಾಹ್ನವಾಗಿತ್ತು. ಕಾರ್ಖಾನೆಯಿದ್ದ ಬೀದಿಯಲ್ಲಿ ಅವರು ಬಹಳ ಹೊತ್ತು ನಿಂತಿದ್ದರು.

ಮುಂದಿನ ವಾರ ಎಂಜಿನಿನ ಅಡಿಯ ತಟ್ಟೆಯನ್ನು ಬಿಚ್ಚಿದಾಗ ಮೂರನೆಯ ಬೇರಿಂಗಿನ ಬೂದು ಲೋಹ ಸವೆದು ತಾಮ್ರದ ಬಣ್ಣ ಕಾಣುತ್ತಿತ್ತು. ಅದನ್ನು ಒರಸಿ ಅವರ ಕೈಗಿತ್ತೆ. ಹೆಬ್ಬೆರಳಿನಿಂದ ಸವರಿ ನೋಡಿ, "ಹೊಸದನ್ನು ಎಂದು ಹಾಕುತ್ತೀರಿ?" ಎಂದು ಕೇಳಿದರು.